ಛಾಯಾ ಗುಳಿಗೆ: ಎರಡನೇ ಬಾಣಂತನದಿಂದ ಇಲ್ಲಿಯವರೆಗೆ

ಬಸಿರು ತಡೆಯೋ ಛಾಯಾ ಅಂದರೆ ವಾರಕ್ಕೊಂದೇ ಗುಳಿಗೆ, ಎಷ್ಟು ಆರಾಮ ಅಂತಾರೆ ಎಲ್ಲರೂ. ನುಂಗೋದೇನೋ ಆರಾಮ, ನೆನಪಿಡೋದೇ ಕಷ್ಟ. ಬಸಿರು ತಡೆಯೋ ಇನ್ನೊಂದು ಗುಳಿಗೆ ಮಾಲಾ-ಎನ್ ದಿನಾ ತೊಗೊಳ್ಳುವಂಥದ್ದು, ಹಲ್ಲುಜ್ಜಿದ ಹಾಗೆ ರೂಢಿಯಾಗಿಬಿಡುತ್ತದೆ. ಛಾಯಾ ಹಾಗಲ್ಲ.

ಮಗ ಇನ್ನೂ ಎದೆಹಾಲು ಕುಡಿಯುತ್ತಿದ್ದಾಗಲೇ ನನಗೆ ಮತ್ತೆ ಮುಟ್ಟು ಶುರುವಾಯಿತು. ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಹಾರ್ಮೋನ್ ಇರುತ್ತದೆ, ಹಾಲೂಡಿಸುವವರಿಗೆ ಹೆರಿಗೆಯಾಗಿ ಆರು ತಿಂಗಳು ಅದು ಬೇಡ ಅಂದರು ನರ್ಸ್. ಛಾಯಾದಲ್ಲಿ ಹಾರ್ಮೋನ್ ಇಲ್ಲ, ಹಾಲಿಗೂ ತೊಂದರೆ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ ಮದ್ದು ಇದು. 1991ರಲ್ಲಿ ‘ಸಹೇಲಿ’ ಹೆಸರಲ್ಲಿ ಅಂಗಡಿಗೆ ಬಂತು, 2016ರಲ್ಲಿ ಸರ್ಕಾರದ ಕುಟುಂಬ ಯೋಜನೆಗೆ ‘ಛಾಯಾ’ ಆಗಿ ಸೇರಿತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಬರುವ ಆಶಾ ಅಕ್ಕ ಹೇಳಿಕೊಟ್ಟಿದ್ದು ಇಷ್ಟು: “ಮುಟ್ಟಾದ ಮೊದಲನೇ ದಿನಾನ ಒಂದು ನುಂಗ್ರಿ. ಅವತ್ತು ಯಾವ ವಾರ ಐತಿ ನೋಡ್ಕೊಳ್ರಿ, ಮುಂದ ಅದ ನಿಮ್ಮ ಗುಳಗಿ ವಾರ.” ನನಗೆ ಸೋಮವಾರ ಬಂತು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಸೋಮವಾರ ಮತ್ತು ಗುರುವಾರ. ನಾಲ್ಕನೇ ತಿಂಗಳಿಂದ ಸೋಮವಾರ ಮಾತ್ರ. ಆಮೇಲೆ ಮುಟ್ಟು ಯಾವತ್ತೇ ಬರಲಿ, ಬರದೇ ಇರಲಿ, ಗುಳಿಗೆಯ ದಿನ ಬದಲಾಗುವುದಿಲ್ಲ. ಒಂದು ಸ್ಟ್ರಿಪ್ ಮುಗಿದ ಮೇಲೆ ನಡುವೆ ಬಿಡುವೂ ಇಲ್ಲ. ಸೋಮವಾರ ನನ್ನ ಒಪ್ಪತ್ತು, ರಾತ್ರಿ ಊಟಕ್ಕೆ ಕೂತಾಗ ಗುಳಿಗೆ ನೆನಪಾಗಿಯೇ ಆಗುತ್ತದೆ. ಸ್ಟ್ರಿಪ್ಪಿನ ಹಿಂದೆ ಪೆನ್ನಿನಿಂದ ತಾರೀಖು ಬರೆದಿರುತ್ತೇನೆ, ತೊಗೊಂಡೆನೋ ಇಲ್ಲವೋ ಅನ್ನೋ ಅನುಮಾನ ಬೇಡ. ಪಂಚಮಿಗೆ ರೋಣದ ಕಡೆ ತವರಿಗೆ ಹೊರಟರೆ ಸೀರೆಗಿಂತ ಮೊದಲು ಅದೇ ಚೀಲಕ್ಕೆ ಬೀಳುತ್ತದೆ.

ತಪ್ಪಿದರೆ? ನೆನಪಾದ ಕೂಡಲೇ ನುಂಗಿ, ಮುಂದಿನದು ಎಂದಿನ ದಿನಕ್ಕೇ. ಮುಂದಿನ ಮುಟ್ಟು ಬರುವವರೆಗೆ ಕಾಂಡೋಮ್ ಬೇಕು. ಏಳು ದಿನ ದಾಟಿತೋ, ಮತ್ತೆ ಹೊಸದಾಗಿ, ಅಂದರೆ ಮೂರು ತಿಂಗಳು ವಾರಕ್ಕೆರಡರಂತೆ ಶುರು ಮಾಡಬೇಕು. ಈ ಭಾಗವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದೇ ನನ್ನ ಸಿಟ್ಟು.

ಅಡ್ಡ ಪರಿಣಾಮ ಅಂದರೆ ಮುಟ್ಟು ಮುಂದೆ ಹೋಗೋದು. ರಕ್ತ ಹೋಗೋದು ಕಡಿಮೆ ಆಗುತ್ತದೆ, ಕೆಲವು ತಿಂಗಳು ಮುಟ್ಟು ತಡವಾಗಿ ಬರುತ್ತದೆ. ನೆಗೆಣ್ಣಿ ಇದಕ್ಕೇ ಹೆದರಿ ಬಿಟ್ಟಳು, ಕೆಟ್ಟ ರಕ್ತ ಒಳಗೇ ಉಳೀತದ ಅಂತ. ಹಾಗೇನೂ ಇಲ್ಲ. ಆದರೆ 15 ದಿನಕ್ಕಿಂತ ಜಾಸ್ತಿ ತಡವಾದರೆ ಸುಮ್ನೆ ಕೂರಬೇಡಿ, ಆಶಾ ಅಕ್ಕನ ಹತ್ತಿರ ನಿಶ್ಚಯ ಕಿಟ್ ಕೇಳಿ, ಬಸಿರು ಹೌದೋ ಅಲ್ಲವೋ ನೋಡಿಕೊಳ್ಳಿ.

ಇತ್ತೀಚೆಗೆ ಕಾಮಾಲೆ ಆಗಿದ್ದವರಿಗೆ, ಲಿವರ್ ಇಲ್ಲವೇ ಕಿಡ್ನಿ ತೊಂದರೆ, ಟಿ.ಬಿ., ಪಿಸಿಒಡಿ (ಅಂಡಾಶಯದ ತೊಂದರೆ) ಇರುವವರಿಗೆ ಇದು ಆಗಿಬರುವುದಿಲ್ಲ. ಅಕ್ಕಪಕ್ಕದವರು ಹೇಳಿದರು ಅಂತ ಶುರು ಮಾಡಬೇಡಿ, ಡಾಕ್ಟರಿಗೆ ಒಮ್ಮೆ ತೋರಿಸಿ. ಲೈಂಗಿಕ ರೋಗಗಳನ್ನಂತೂ ಇದು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ.

ಇನ್ನೊಂದು ತಕರಾರು: ಕೇಂದ್ರದಲ್ಲಿ ಒಮ್ಮೊಮ್ಮೆ ಸ್ಟಾಕ್ ಇರೋದಿಲ್ಲ. “ಮುಂದಿನ ವಾರ ಬರ್ರಿ” ಅಂದರೆ ಗುಳಿಗೆ ವಾರ ಕಾಯುತ್ತದೆಯೇ? ಸ್ಟ್ರಿಪ್ಪಿನಲ್ಲಿ ಎರಡು ಉಳಿದಾಗಲೇ ಕೇಳಿಡುತ್ತೇನೆ. ಸಿಗದಿದ್ದರೆ ಮೆಡಿಕಲ್‌ನಲ್ಲಿ ಸಹೇಲಿ ಕೊಳ್ಳುತ್ತೇನೆ, ಮದ್ದು ಅದೇ, ಆರ್ಮೆಲಾಕ್ಸಿಫೀನ್ 30 ಮಿ.ಗ್ರಾಂ.