ವಿಮಾನದ ನೆಲದ ತೊಲೆ: ಮೊದಲು ಅಲ್ಯೂಮಿನಿಯಂ ಕಲಿಯಬೇಕೇ, ಕಾರ್ಬನ್ ಕಲಿಯಬೇಕೇ?

ಹತ್ತರಗಿಯ ಏರೋಸ್ಪೇಸ್ ವಲಯದ ಬಿಡಿಭಾಗ ತಯಾರಿಕೆ ನೋಡಿ, ದೊಡ್ಡ ವಿಮಾನಗಳ ದುರಸ್ತಿಯತ್ತ ಹೊರಳಬಯಸುವ ಬೆಳಗಾವಿಯ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಈ ಮಾತು.

ನೆಲದ ತೊಲೆಯೆಂದರೆ ವಿಮಾನದ ನೆಲಹಲಗೆಗಳನ್ನು ಕೆಳಗಿನಿಂದ ಹೊರುವ ಅಡ್ಡತೊಲೆ. ಅಲ್ಯೂಮಿನಿಯಂ ತೊಲೆಯ ಶತ್ರು ತೇವ. ವಿಮಾನದ ಅಡುಗೆಕಟ್ಟೆ, ಶೌಚಾಲಯಗಳಿಂದ ಸೋರಿದ ನೀರು ಲೋಹವನ್ನು ತಿನ್ನುತ್ತದೆ. ಸ್ವಲ್ಪವೇ ತಿಂದಿದ್ದರೆ ಅಷ್ಟನ್ನು ಕತ್ತರಿಸಿ ಜೋಡುಪಟ್ಟಿ ಹಾಕಬಹುದು. ಹೆಚ್ಚಾದರೆ ಇಡೀ ತೊಲೆಯನ್ನೇ ಬದಲಿಸಬೇಕು. ಆಗ ಆಸನ, ನೆಲಹಲಗೆ, ತಂತಿಗಳನ್ನೆಲ್ಲ ತೆಗೆದು, ವಿಮಾನದ ಒಡಲು ಸೊಟ್ಟಗಾಗದಂತೆ ಆಧಾರ ಕೊಟ್ಟು, ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆಯಬೇಕು. ಹಳೆಯ ರಂಧ್ರ ಕೆಟ್ಟರೆ ಕೆಲಸ ಇನ್ನಷ್ಟು ಬೆಳೆಯುತ್ತದೆ. ತೊಲೆ ಕೂರಿಸುವುದಕ್ಕಿಂತ ಅದರವರೆಗೆ ತಲುಪುವುದೇ ದೊಡ್ಡ ಸಾಹಸ ಎನ್ನಿ.

ಕಾರ್ಬನ್ ತೊಲೆಯೆಂದರೆ ಕಾರ್ಬನ್ ನಾರಿನ ಪದರಗಳನ್ನು ರಾಳದಿಂದ ಬೆಸೆದು ಮಾಡಿದ್ದು. ಬೋಯಿಂಗ್ 787 ವಿಮಾನದ ಇಂಥ ತೊಲೆಗಳು ನಾಗಪುರದಲ್ಲೂ ತಯಾರಾಗಿವೆ. ಅವಕ್ಕೆ ತುಕ್ಕಿನ ಕಾಟವಿಲ್ಲ. ಆದರೆ ಪೆಟ್ಟು ಬಿದ್ದರೆ ಮೇಲೆ ಗೀರೂ ಕಾಣದೆ ಒಳಪದರ ಬಿಟ್ಟಿರಬಹುದು. ಅಲ್ಟ್ರಾಸೌಂಡ್ ಪರೀಕ್ಷೆ ಬೇಕು. ಕಾರ್ಬನ್ ತಾಗಿದ ಅಲ್ಯೂಮಿನಿಯಂ ಬೇಗ ಕೆಡುವುದರಿಂದ ಜೋಡಿಸಲು ಟೈಟಾನಿಯಂ ಬೋಲ್ಟ್. ಕೊರೆಯುವಾಗ ಏಳುವ ದೂಳಂತೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ನನ್ನ ಮತ ಮೊದಲು ಲೋಹಕ್ಕೆ. ಹಳೆಯ ವಿಮಾನಗಳಲ್ಲಿ ಅದೇ ಹೆಚ್ಚು, ಕೊರೆಯುವ ಕೈಗೆ ಹದ ಬರುವುದೂ ಅಲ್ಲಿಯೇ. ರಾಳ, ಶಾಖ, ಪದರಗಳ ಲೆಕ್ಕಾಚಾರವೇ ಇಷ್ಟವಾದವರು ಮಾತ್ರ ನೇರವಾಗಿ ಕಾರ್ಬನ್ ಹಿಡಿಯಲಿ.