ಆನ್‌ಲೈನ್ ಕೋಶ ಪುಸ್ತಕವಾಗುವಾಗ: ಹಕ್ಕು ಪೂರ್ತಿ ಕೊಡಬೇಕಾ, ಅಚ್ಚಿಗೆ ಮಾತ್ರವಾ?

ನಿಮ್ಮ ಆನ್‌ಲೈನ್ ವಿಶ್ವಕೋಶವನ್ನು ಅಚ್ಚು ಹಾಕುತ್ತೇವೆ ಅಂತ ಪ್ರಕಾಶಕರು ಬಂದಿದ್ದಾರಾ? ದಾರಿ ಎರಡು. ಕಾಪಿರೈಟ್ ಪೂರ್ತಿ ಬರೆದುಕೊಡಬಹುದು, ಇಲ್ಲವೇ ಅಚ್ಚಿಗೆ ಮಾತ್ರ ಲೈಸೆನ್ಸ್ ಕೊಡಬಹುದು.

ಪೂರ್ತಿ ಕೊಟ್ಟರೆ ಕಳ್ಳಪ್ರತಿ ತಡೆಯುವ ತಲೆನೋವು ಪ್ರಕಾಶಕರಿಗೆ. ಆದರೆ ನಿಮ್ಮ ಸೈಟೇ ಕೈತಪ್ಪಬಹುದು. ಎರಿಕ್ ವೈಸ್‌ಸ್ಟೈನ್ ಅವರ ಗಣಿತ ಕೋಶ ಮ್ಯಾಥ್‌ವರ್ಲ್ಡ್ ನೋಡಿ. ಅದನ್ನು ಪುಸ್ತಕವಾಗಿ ತಂದ ಸಿಆರ್‌ಸಿ ಪ್ರೆಸ್, ಸೈಟ್ ತನ್ನ ಹಕ್ಕನ್ನು ಉಲ್ಲಂಘಿಸುತ್ತಿದೆ ಅಂತ 2000ರಲ್ಲಿ ಕೇಸ್ ಹಾಕಿತು. ಕೋರ್ಟ್ ಆದೇಶದಿಂದ ಸೈಟ್ ಮುಚ್ಚಿತು. ರಾಜಿಯಾಗಿ ಮತ್ತೆ ತೆರೆದದ್ದು 2001ರ ನವೆಂಬರ್‌ನಲ್ಲಿ. ಅಷ್ಟು ದಿನ ಓದುಗರಿಗಾದ ನಷ್ಟ ಸಣ್ಣದಲ್ಲ ಅಲ್ವಾ?

ಅಚ್ಚಿಗೆ ಮಾತ್ರ ಕೊಟ್ಟರೆ ಹಣ ಕಮ್ಮಿ ಸಿಗಬಹುದು. ಆದರೂ ನನ್ನ ಓಟು ಇದಕ್ಕೇ. ‘ಎಲೆಕ್ಟ್ರಾನಿಕ್ ಸೇರಿ ಎಲ್ಲ ರೂಪಗಳಲ್ಲಿ’ ಅನ್ನುವ ಸಾಲಿದ್ದರೆ ಹೊಡೆದುಹಾಕಿಸಿ. ಸೈಟ್ ನಡೆಸುವ, ತಿದ್ದುವ, ಬೆಳೆಸುವ ಹಕ್ಕು ನಿಮ್ಮದೇ ಅಂತ ಬರೆಸಿ. ಪುಸ್ತಕ ಮಾರಾಟ ನಿಂತರೆ ಹಕ್ಕು ವಾಪಸ್ ಬರಬೇಕು, ಅದೂ ಇರಲಿ.

ಬೇರೆಯವರು ಬರೆದ ಪುಟಗಳಿದ್ದರೆ ಎರಡೂ ದಾರಿಯಲ್ಲಿ ಅವರ ಒಪ್ಪಿಗೆ ಮೊದಲು. ವಿಕಿಪೀಡಿಯದಿಂದ ತಂದ ಪಠ್ಯವನ್ನಂತೂ ಯಾರಿಗೂ ಪೂರ್ತಿ ಬರೆದುಕೊಡಲು ನಿಮಗೆ ಹಕ್ಕಿಲ್ಲ. ಅಚ್ಚು ಹಾಕಬಹುದು, ಮಾರಲೂಬಹುದು; ಆದರೆ ಬರೆದವರಿಗೆ ಕ್ರೆಡಿಟ್ ಕೊಟ್ಟು, ಅದೇ ಲೈಸೆನ್ಸ್ ಅಡಿಯಲ್ಲಿ.