ಫುವಾಹ್ಮುಲಾದ ಟೈಗರ್ ಶಾರ್ಕ್ ಡೈವ್: ಶಾರ್ಕ್‌ಗೆ ಐದು, ಸೆಂಟರ್‌ಗೆ ಮೂರು

ಡೈವ್‌ಗೆ ಕರೆದೊಯ್ದ ಸೆಂಟರ್‌ಗೆ ಐದರಲ್ಲಿ ಎರಡು ಅಂಕ ಕಳೆದಿದ್ದು ಶಾರ್ಕ್ ಕಾಣಲಿಲ್ಲ ಅಂತಲ್ಲ. ನಾಲ್ಕು ಡೈವ್‌ನಲ್ಲೂ ಕಂಡವು. ಮೊದಲ ದಿನ ಏಳರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು.

ಫುವಾಹ್ಮುಲಾ ಮಾಲ್ಡೀವ್ಸ್‌ನ ದಕ್ಷಿಣ ತುದಿಯ ಕಡೆ, ಸಮಭಾಜಕ ವೃತ್ತದ ಸ್ವಲ್ಪ ಕೆಳಗಿರುವ ಒಂಟಿ ದ್ವೀಪ. ಇಲ್ಲಿನ ಮೀನುಗಾರರು ಬಂದರಿನಲ್ಲಿ ಟ್ಯೂನಾ ಕೊಯ್ದು ತಲೆ, ಕರುಳು ನೀರಿಗೆ ಎಸೆಯುತ್ತಿದ್ದರು. ಆ ರುಚಿ ಹಿಡಿದ ಟೈಗರ್ ಶಾರ್ಕ್‌ಗಳು ಬಂದರಿನ ಬಾಯಲ್ಲೇ ಸುತ್ತುತ್ತವೆ. 2010ರಲ್ಲಿ ಇಡೀ ದೇಶದಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿದರು, ಹಾಗಾಗಿ ಅವಕ್ಕೂ ಧೈರ್ಯ. ದೋಣಿ ಹತ್ತಿ ಮಾಸ್ಕ್ ಒರೆಸಿಕೊಳ್ಳುವಷ್ಟರಲ್ಲಿ ಜಾಗ ಬಂದುಬಿಡುತ್ತದೆ.

ಆಳ ಎಂಟು ಮೀಟರ್ ಅಷ್ಟೇ. ಕಲ್ಲುಗಳ ಹಿಂದೆ ಸಾಲಾಗಿ ಮಂಡಿಯೂರಿ ಕೂರಬೇಕು. ಗೈಡ್ ಮುಂದೆ ಹೋಗಿ ಮೀನಿನ ತಲೆಗಳನ್ನು ಬಂಡೆಯಡಿ ಸಿಕ್ಕಿಸಿ ಬರುತ್ತಾನೆ. ಆಮೇಲೆ ಕಾಯುವುದು. ಸುಮ್ನೆ ಉಸಿರಾಡುವುದು.

ಬಂದಿದ್ದು ಹೆಣ್ಣು. ಇಲ್ಲಿ ಬರುವವು ಹೆಚ್ಚಾಗಿ ಹೆಣ್ಣುಗಳೇ, ಅದರಲ್ಲೂ ಬಸುರಿಯರು ಜಾಸ್ತಿ. ಇದರ ನಡೆಯೂ ಹಾಗೇ ಇತ್ತು. ತುಂಬು ಬಸುರಿ ಅಂಗಳದಲ್ಲಿ ಓಡಾಡಿದಂತೆ, ಒಂಚೂರೂ ಅವಸರವಿಲ್ಲ. ಸುಮಾರು ನಾಲ್ಕು ಮೀಟರ್ ಉದ್ದ. ವಯಸ್ಸಾದಂತೆ ಪಟ್ಟೆ ಮಾಸುತ್ತದಂತೆ, ಇದಕ್ಕೆ ಬಾಲದ ಹತ್ತಿರ ಮಾತ್ರ ಉಳಿದಿತ್ತು. ನನ್ನಿಂದ ಒಂದು ತೋಳಿನ ದೂರದಲ್ಲಿ ಹಾದು ಹೋಗುವಾಗ ಆ ಕಪ್ಪು ಕಣ್ಣು ಹೊರಳಿ ನನ್ನನ್ನೇ ನೋಡಿತು. ಭಯ ಆಯಿತಾ ಅಂದರೆ, ಆಗ ಆಗಲಿಲ್ಲ. ನಗು ಬಂದು ಮಾಸ್ಕ್‌ಗೆ ನೀರು ನುಗ್ಗಿತು.

ಭಯ ಆಗಿದ್ದು ಮೂರನೇ ಡೈವ್‌ನಲ್ಲಿ. ನನ್ನನ್ನು ಸಾಲಿನ ಕೊನೆಗೆ ಕೂರಿಸಿದ್ದರು. ಎದುರಿಗಿದ್ದ ಶಾರ್ಕ್ ಅನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾ ಕೂತಿದ್ದೆ. ಸಿಲಿಂಡರ್‌ಗೆ ಏನೋ ತಾಗಿದಂತಾಯಿತು. ತಿರುಗಿದರೆ ಗೈಡ್ ಕೈ ನೇರ ಚಾಚಿ ಇನ್ನೊಂದರ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದಾನೆ. ಅದು ಎಷ್ಟು ಹೊತ್ತಿನಿಂದ ನನ್ನ ಬೆನ್ನ ಹಿಂದಿತ್ತೋ! ಟೈಗರ್ ಶಾರ್ಕ್ ಹೊಂಚು ಹಾಕುವ ಪ್ರಾಣಿ. ನೀವು ಅದನ್ನು ನೋಡುತ್ತಿದ್ದರೆ ದೂರ ಇರುತ್ತದೆ, ಕಣ್ಣು ತಪ್ಪಿಸಿದರೆ ಹತ್ತಿರ ಬರುತ್ತದೆ. ಇದನ್ನು ನೀರಿಗಿಳಿಯುವ ಮೊದಲು ಹೇಳಬೇಕಿತ್ತು, ಅಲ್ವಾ?

ಹೇಳಿರಲಿಲ್ಲ. ಓಡುವ ಇಂಜಿನ್ ಸದ್ದಿನಲ್ಲಿ ಐದಾರು ನಿಮಿಷ ಏನೋ ಹೇಳಿ ಮುಗಿಸಿದ್ದರು. ನೀರಿನಲ್ಲಿ ಬರಿಗೈ ಬೆಳ್ಳಗೆ ಮೀನಿನ ತುಂಡಿನಂತೆ ಕಾಣುತ್ತದೆ, ಅದಕ್ಕೇ ಕಪ್ಪು ಗ್ಲೌಸ್ ಬೇಕು. ಅದೂ ನಮ್ಮ ಕೈಗೆ ಬಂದಿದ್ದು ಮೂರನೇ ದಿನ. ಎಂಟು ಜನಕ್ಕೆ ಇಬ್ಬರೇ ಗೈಡ್, ಒಬ್ಬ ಮೀನಿನ ಹತ್ತಿರ. ಅಂದರೆ ನಮ್ಮೆಲ್ಲರ ಬೆನ್ನು ಕಾಯಲು ಒಬ್ಬನೇ. ಜೊತೆಗಿದ್ದ ಹೊಸಬನೊಬ್ಬ ಗಾಬರಿಯಿಂದ ಕೈಕಾಲು ಬಡಿಯುತ್ತಾ ಮೇಲೆ ಹೊರಟಾಗ ಆ ಒಬ್ಬನೂ ಅವನ ಹಿಂದೆ ಹೋದ. ಸಂಜೆ ಮಾಲೀಕರಿಗೆ ಇದನ್ನೆಲ್ಲ ಹೇಳಿದೆ. "ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ" ಅಂದರು.

ನನ್ನ ಹಿಂದಿನ ಶಾರ್ಕ್ ತಳ್ಳಿದ ಆ ಗೈಡ್‌ಗೆ ಮಾತ್ರ ಬೇಕಾದರೆ ಐದಕ್ಕೆ ಆರು ಅಂಕ. ಮತ್ತೆ ಹೋಗುತ್ತೇನೆ, ಬೇರೆ ಸೆಂಟರ್‌ನಲ್ಲಿ, ಕ್ಯಾಮೆರಾ ಇಲ್ಲದೆ. ನೀವು ಹೋಗುವುದಾದರೆ ಬುಕ್ ಮಾಡುವ ಮೊದಲೇ ಕೇಳಿ: ನಮ್ಮ ಹಿಂದೆ ಎಷ್ಟು ಜನ ನಿಲ್ಲುತ್ತಾರೆ?